ಕೆಜಿಎಫ್‌ನ ಮರದ ಅಚ್ಚುಗಳನ್ನು ಒಲೆಗೆ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್ ಬಗ್ಗೆ ಎರಡು ಪುಟದ ಬರಹ ಬಂದಿತ್ತು. ಮೂರು ಸಲ ಓದಿದೆ. ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯ ವಿಷಯ ಅದರಲ್ಲಿತ್ತು. ಇಲ್ಲಿಂದ ತೆಗೆದ ಸುಮಾರು 800 ಟನ್ ಚಿನ್ನದ ಲೆಕ್ಕ ಇತ್ತು. 1965ರಲ್ಲಿ ಗಣಿಯೊಳಗೆ ವಿಜ್ಞಾನಿಗಳು ನ್ಯೂಟ್ರಿನೊ ಅನ್ನುವ ಸೂಕ್ಷ್ಮ ಕಣ ಗುರುತಿಸಿದ್ದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ದು, ಎಲ್ಲ ಇತ್ತು. ಗಣಿಗೆ ಇಳಿಯುವ ಬಾವಿಯ ಮೇಲೆ ನಿಲ್ಲಿಸಿದ ಗೋಪುರದ, ಅಂದರೆ ಹೆಡ್‌ಗೇರ್‌ನ ದೊಡ್ಡ ಫೋಟೋ ಕೂಡ ಹಾಕಿದ್ದೀರಿ. ಚೆನ್ನಾಗಿದೆ. ಆದರೆ ಆ ಹೆಡ್‌ಗೇರ್ ತುದಿಯಲ್ಲಿ ತಿರುಗುತ್ತಿದ್ದ ಚಕ್ರ, ಕಲ್ಲು ಕುಟ್ಟುತ್ತಿದ್ದ ಯಂತ್ರ, ನೀರೆತ್ತುತ್ತಿದ್ದ ಪಂಪು, ಇವನ್ನೆಲ್ಲ ದಿನವೂ ರಿಪೇರಿ ಮಾಡಿ, ಹೊಸ ಭಾಗ ಎರಕ ಹೊಯ್ದು ಕೊಡುತ್ತಿದ್ದ ಜನರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಮನೆಯ ಎರಡು ತಲೆಮಾರು ಆ ಕೆಲಸ ಮಾಡಿದೆ. ಅದಕ್ಕೇ ಈ ಕಾಗದ.

ನನಗೀಗ 68 ವರ್ಷ. ಊರು ಬಂಗಾರಪೇಟೆ. ತಾತ ಗಣಿಯ ವರ್ಕ್‌ಶಾಪಿನಲ್ಲಿ ಪ್ಯಾಟರ್ನ್ ಮೇಕರ್, ಅಂದರೆ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವವರು. ಅಪ್ಪ ಅಲ್ಲೇ ಫೌಂಡ್ರಿಯಲ್ಲಿ, ಅಂದರೆ ಎರಕದ ಮನೆಯಲ್ಲಿ, ಮರಳಿನ ಅಚ್ಚು ಕಟ್ಟುವ ಮೌಲ್ಡರ್. ನಾನು ಗಣಿ ಸೇರಲಿಲ್ಲ. ಬೆಂಗಳೂರಿನ ಒಂದು ಖಾಸಗಿ ಫೌಂಡ್ರಿಯ ಪ್ಯಾಟರ್ನ್ ಶಾಪಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದೆ.

ಹೋದ ವರ್ಷ ಕಾರ್ತಿಕದಲ್ಲಿ ಬೇತಮಂಗಲದ ಕಡೆ ನಮ್ಮ ನೆಂಟರ ಗೃಹಪ್ರವೇಶ ಇತ್ತು. ಊಟಕ್ಕೆ ಮುಂಚೆ ಕೈ ತೊಳೆಯೋಣ ಅಂತ ಹಿತ್ತಲಿಗೆ ಹೋದೆ. ಅಲ್ಲಿ ಮೂರು ದೊಡ್ಡ ಒಲೆ ಉರಿಯುತ್ತಿದ್ದವು. ಪಕ್ಕದಲ್ಲಿ ಸೌದೆ ರಾಶಿ. ಆ ರಾಶಿಯಲ್ಲಿ ಕೆಂಪು ಬಣ್ಣದ ದುಂಡನೆಯ ಮರದ ತುಂಡೊಂದು ಕಂಡಿತು. ಕೈಗೆ ತೆಗೆದುಕೊಂಡೆ. ತೇಗ. ಅಂಚಿಗೆ ಹಲ್ಲುಗಳು. ನಡುವೆ ಎರಡೂ ಕಡೆ ಚಾಚಿಕೊಂಡ ಕಪ್ಪು ಬಣ್ಣದ ಗುಬ್ಬಿ. ಒಂದು ಹಿತ್ತಾಳೆ ತಗಡು, ಅದರ ಮೇಲೆ ಅಚ್ಚು ಹೊಡೆದ ನಂಬರು. ಅದು ಹಲ್ಲುಚಕ್ರವೊಂದರ ಪ್ಯಾಟರ್ನ್. ನೂರು ವರ್ಷದ ಹಿಂದಿನ ಕೈಕೆಲಸ ಇರಬಹುದು. ಕೀಲಿನಲ್ಲಿ ಒಂದು ಕೂದಲು ತೂರಿಸುವಷ್ಟೂ ಸಂದಿ ಬಿಟ್ಟಿರಲಿಲ್ಲ. ಅಡುಗೆಯವರನ್ನು ಕೇಳಿದೆ. "ಗುಜರಿಯವರ ಹತ್ರ ಒಂದು ಗಾಡಿ ತಗೊಂಡ್ವಿ ಸ್ವಾಮಿ, ಒಳ್ಳೇ ಒಣಗಿದ ಮರ, ಹೊಗೆ ಬರಲ್ಲ" ಅಂದರು. ಅವರ ತಪ್ಪೇನೂ ಇಲ್ಲ. ಅವರಿಗೆ ಅದು ಸೌದೆಯೇ. ಅಷ್ಟರಲ್ಲಿ ಎಷ್ಟು ಸುಟ್ಟುಹೋಗಿತ್ತೋ. ಉಳಿದಿದ್ದರಲ್ಲಿ ಮೂರು ತುಂಡು ಆರಿಸಿ ಮನೆಗೆ ತಂದೆ. ಅವತ್ತು ಊಟ ಸೇರಲಿಲ್ಲ.

ಪ್ಯಾಟರ್ನ್ ಅಂದರೇನು ಅಂತ ಓದುಗರಿಗೆ ಸ್ವಲ್ಪ ಹೇಳಲೇಬೇಕು. ಕಬ್ಬಿಣದ ಯಾವುದೇ ಭಾಗ ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡುತ್ತಾರೆ. ಅದನ್ನು ಹದ ಮಾಡಿದ ಮರಳಿನಲ್ಲಿ ಹುದುಗಿಸಿ, ಮರಳನ್ನು ಬಿಗಿಯಾಗಿ ದಮ್ಮಸು ಮಾಡಿ, ಆಮೇಲೆ ಮರವನ್ನು ಮೆಲ್ಲಗೆ ಎತ್ತಿಬಿಡುತ್ತಾರೆ. ಮರಳಿನಲ್ಲಿ ಖಾಲಿ ಜಾಗ ಉಳಿಯುತ್ತದೆ. ಅದಕ್ಕೆ ಕರಗಿದ ಕಬ್ಬಿಣ ಹೊಯ್ದರೆ ಭಾಗ ಸಿದ್ಧ. ಕೇಳಲು ಸುಲಭ. ಆದರೆ ಬಡಗಿ ಕೆಲಸಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಕಬ್ಬಿಣ ಆರುವಾಗ ಕುಗ್ಗುತ್ತದೆ. ಎರಕದ ಕಬ್ಬಿಣವಾದರೆ ಒಂದು ಅಡಿ ಉದ್ದಕ್ಕೆ ಸುಮಾರು ಒಂದು ನೂಲು (ಇಂಚಿನಲ್ಲಿ ಎಂಟನೇ ಒಂದು ಭಾಗ), ಉಕ್ಕಾದರೆ ಎರಡು ನೂಲು, ಹಿತ್ತಾಳೆ ಇವೆರಡರ ನಡುವೆ. ಹಾಗಾಗಿ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಅಳತೆಗೂ ಲೆಕ್ಕ ಹಾಕುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಬೇರೆ ಸ್ಕೇಲು ಇರುತ್ತದೆ. ಆ ಸ್ಕೇಲಿನಲ್ಲಿ ಒಂದು ಅಡಿ ಅಂದರೆ ನಿಜವಾಗಿ ಒಂದು ಅಡಿ ಒಂದು ನೂಲು. ನೋಡಲು ಮಾಮೂಲಿ ಸ್ಕೇಲಿನ ಹಾಗೇ ಇರುತ್ತದೆ. ತಾತನ ಸ್ಕೇಲನ್ನು ಚಿಕ್ಕವನಿದ್ದಾಗ ಶಾಲೆಗೆ ತೆಗೆದುಕೊಂಡು ಹೋಗಿದ್ದೆ. ನನ್ನ ಗೆರೆ ಎಲ್ಲ ಉದ್ದ ಬಂದವು. ಮನೆಗೆ ಬಂದ ಮೇಲೆ ತಾತ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸ್ಕೇಲನ್ನೂ ಜೋಡಿಸಿ ತೋರಿಸಿದರು. ನನ್ನ ಕಸುಬು ಅವತ್ತೇ ಶುರುವಾಯಿತು ಅನ್ನಬೇಕು.

ಕುಗ್ಗುವ ಲೆಕ್ಕ ಮಾತ್ರ ಅಲ್ಲ. ಮರಳಿನಿಂದ ಎತ್ತುವಾಗ ಅಂಚು ಒಡೆಯಬಾರದು, ಅದಕ್ಕೆ ಎಲ್ಲ ಬದಿಗೂ ಸ್ವಲ್ಪ ಓರೆ ಕೊಡಬೇಕು. ಆಮೇಲೆ ಲೇತಿನಲ್ಲಿ ಕಡೆಯುವ ಜಾಗಕ್ಕೆ ಜಾಸ್ತಿ ಮೈ ಬಿಡಬೇಕು. ಒಳಗೆ ತೂತು ಬೇಕಾದರೆ ಅದಕ್ಕೆ ಬೇರೆ ಪೆಟ್ಟಿಗೆ ಮಾಡಿ ಕೋರ್, ಅಂದರೆ ತೂತಿನ ಆಕಾರದ ಮರಳಿನ ತುಂಡು, ತೆಗೆಯಬೇಕು. ಆ ಕೋರ್ ಕೂರಲು ಪ್ಯಾಟರ್ನಿನಲ್ಲೇ ಗುಬ್ಬಿ ಬಿಡಬೇಕು. ನಾನು ಹಿತ್ತಲಲ್ಲಿ ನೋಡಿದ ಕಪ್ಪು ಗುಬ್ಬಿ ಅದೇ. ಒಟ್ಟಿನಲ್ಲಿ ಒಂದು ಯಂತ್ರದ ಭಾಗ ಹೇಗಿತ್ತು, ಯಾರು ಹೇಗೆ ಯೋಚಿಸಿ ಮಾಡಿದರು ಅನ್ನುವುದೆಲ್ಲ ಆ ಮರದಲ್ಲಿ ಇರುತ್ತದೆ. ಕಬ್ಬಿಣದ ಭಾಗ ಗುಜರಿಗೆ ಹೋಗಿ ಕರಗಿದರೂ ಪ್ಯಾಟರ್ನ್ ಇದ್ದರೆ ಮತ್ತೆ ಹೊಯ್ಯಬಹುದು. ಪ್ಯಾಟರ್ನ್ ಸುಟ್ಟರೆ ಮುಗಿಯಿತು.

ಇಲ್ಲಿಗೆ ಫೌಂಡ್ರಿ ಯಾಕೆ ಬಂತು? ಈ ಕಡೆ ಕಬ್ಬಿಣದ ಕಾರ್ಖಾನೆ ಇರಲಿಲ್ಲ, ಕಲ್ಲಿದ್ದಲು ಇರಲಿಲ್ಲ, ನೀರಿಗೂ ಕಷ್ಟ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಮೈಸೂರಿನ ಗಡಿ ಅಳೆಯುತ್ತಾ ಊರಿಗಾಂ, ಮಾರಿಕುಪ್ಪಂ ಕಡೆ ಬಂದಾಗ ಇಲ್ಲಿನ ಜನ ತಾವೇ ಗುಂಡಿ ತೋಡಿ ಕಲ್ಲು ತೆಗೆಯುತ್ತಿದ್ದರು. ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿ ಮಾಡಿ, ನೀರಲ್ಲಿ ತೊಳೆದು ಚಿನ್ನ ತೆಗೆಯುತ್ತಿದ್ದರು. 1873ರಲ್ಲಿ ಬೆಂಗಳೂರಿನಲ್ಲಿದ್ದ ಐರಿಷ್ ಸೈನಿಕ ಮೈಕೇಲ್ ಲವೆಲ್ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಅವನ ಹತ್ತಿರ ದುಡ್ಡು ಸಾಲಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದಮೇಲೆ ಕೆಲಸ ನಿಜವಾಗಿ ಏರಿತು. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ತವರದ ಗಣಿಯಲ್ಲಿ ಪಳಗಿದ ಜನ ಬಂದರು. ಯಂತ್ರಗಳೂ ಹಡಗಿನಲ್ಲಿ ಬಂದವು. ಮದ್ರಾಸಿನಿಂದ ನಮ್ಮ ಬಂಗಾರಪೇಟೆಯವರೆಗೆ, ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು, ರೈಲು. ಅಲ್ಲಿಂದ ಗಣಿಗೆ ಹತ್ತು ಮೈಲಿ ಎತ್ತಿನ ಗಾಡಿ. ಗಣಿಯವರೆಗೆ ರೈಲು ಹಳಿ ಹಾಕಿದ್ದು 1890ರ ದಶಕದಲ್ಲಿ.

ಯೋಚನೆ ಮಾಡಿ ನೋಡಿ. ಒಂದು ಪಂಪಿನ ಮೈ ಬಿರುಕು ಬಿಟ್ಟರೆ ಇಂಗ್ಲೆಂಡಿಗೆ ಕಾಗದ ಬರೆದು, ಅಲ್ಲಿ ಎರಕ ಹೊಯ್ದು, ಹಡಗಿಗೆ ಹಾಕಿ, ರೈಲಿಗೆ ಹಾಕಿ, ಗಾಡಿಗೆ ಹಾಕಿ ಇಲ್ಲಿಗೆ ಬರಬೇಕು. ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಗಣಿಗೆ ನೀರು ತುಂಬುತ್ತದೆ. ಹೀಗಾಗಿ ದೊಡ್ಡ ಇಂಜಿನ್ನು ಹೊರಗಿನಿಂದ ಬಂದರೂ ಸವೆಯುವ, ಮುರಿಯುವ ಭಾಗಗಳನ್ನು ಇಲ್ಲೇ ಮಾಡಿಕೊಳ್ಳಲೇಬೇಕಾಯಿತು. ಅದಕ್ಕೆ ಕಮ್ಮಾರರು, ಬಡಗಿಗಳು, ಎರಕದವರು ಬೇಕಾದರು. ಕಾರ್ನ್‌ವಾಲ್‌ನವರು ಡ್ರಾಯಿಂಗ್ ಕೊಟ್ಟರು, ಸರಿ. ಆ ಡ್ರಾಯಿಂಗನ್ನು ಮರಕ್ಕೆ, ಮರದಿಂದ ಕಬ್ಬಿಣಕ್ಕೆ ಇಳಿಸಿದ ಕೈ ಮುಳಬಾಗಿಲು, ಕೋಲಾರ, ಚಿತ್ತೂರು, ಉತ್ತರ ಆರ್ಕಾಟಿನ ಹಳ್ಳಿಗಳದ್ದು. ಕನ್ನಡ, ತೆಲುಗು, ತಮಿಳು ಮೂರೂ ಆಡುವ ಜನ.

ನಮ್ಮ ತಾತ ಮುಳಬಾಗಿಲು ಕಡೆಯ ಹಳ್ಳಿಯ ಆಚಾರಿ ಮನೆಯವರು. ನೇಗಿಲು, ಗಾಡಿ ಚಕ್ರ, ಬಾಗಿಲು ಮಾಡುತ್ತಿದ್ದ ಮನೆ. 1926ರಲ್ಲಿ, ಹದಿನೆಂಟನೇ ವಯಸ್ಸಿಗೆ, ಗಣಿ ವರ್ಕ್‌ಶಾಪು ಸೇರಿದರು. ಇಂಗ್ಲಿಷ್ ಬರುತ್ತಿರಲಿಲ್ಲ. ಡ್ರಾಯಿಂಗ್ ಓದುವುದು ಮಾತ್ರ ಒಂದೇ ವರ್ಷಕ್ಕೆ ಬಂತಂತೆ. ಗಾಡಿ ಚಕ್ರದ ಅರೆಕಾಲು ಕೂರಿಸಿದ ಕೈಗೆ ಹಲ್ಲುಚಕ್ರ ಕಷ್ಟವಾಗಲಿಲ್ಲ ಅನ್ನುತ್ತಿದ್ದರು. ತೋಪಡ ಹೊಡೆದ ಮರದ ಮೇಲೆ ಅಂಗೈ ಸವರಿಯೇ ಎಲ್ಲಿ ಉಬ್ಬಿದೆ ಹೇಳಿಬಿಡುತ್ತಿದ್ದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ ವರ್ಷ ತಾತ ಕೆಲಸ ಬಿಟ್ಟರು.

ಅವರು ಜಾಸ್ತಿ ಮಾತಾಡುತ್ತಿದ್ದದ್ದು ಚಿನ್ನದ ಕಲ್ಲು ಕುಟ್ಟುವ ಸ್ಟ್ಯಾಂಪ್ ಮಿಲ್ಲಿನ ಬಗ್ಗೆ. ಅದು ಏನು ಅಂತ ನಮ್ಮ ಮನೆಯ ಹೆಂಗಸರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತಿನಲ್ಲಿ: "ಸಾಲಾಗಿ ನಿಂತ ಒನಕೆ, ಕೆಳಗೆ ಕಬ್ಬಿಣದ ಒರಳು." ನಿಜಕ್ಕೂ ಹಾಗೇ. ಐದೈದು ಒನಕೆಗೆ ಒಂದು ಒರಳು ಪೆಟ್ಟಿಗೆ. ಒಂದೊಂದು ಒನಕೆ 350ರಿಂದ 550 ಕೆಜಿ ತೂಕ. ಮೇಲೆ ತಿರುಗುವ ದಂಡಕ್ಕೆ ಬಾಗಿದ ಕೈಗಳಿರುತ್ತವೆ, ಅವಕ್ಕೆ ಕ್ಯಾಮ್ ಅನ್ನುತ್ತಾರೆ. ಕ್ಯಾಮ್ ಬಂದು ಒನಕೆಯ ಕೊರಳಪಟ್ಟಿಯನ್ನು ಎತ್ತುತ್ತದೆ, ಬಿಡುತ್ತದೆ. ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಎತ್ತರದಿಂದ ಬೀಳುತ್ತದೆ. ನಿಮಿಷಕ್ಕೆ ಸುಮಾರು ನೂರು ಏಟು. ಎತ್ತುವಾಗ ಕ್ಯಾಮ್ ಒಂದು ಬದಿಯಲ್ಲಿ ತಾಗುವುದರಿಂದ ಒನಕೆ ತುಸು ತಿರುಗುತ್ತದೆ ಕೂಡ. ಹಾಗೆ ತಿರುಗಿದರೆ ಅಡಿ ಒಂದೇ ಕಡೆ ಸವೆಯುವುದಿಲ್ಲ. ಐದೂ ಒಟ್ಟಿಗೆ ಬೀಳದ ಹಾಗೆ, ಪಕ್ಕಪಕ್ಕದವು ಒಂದರ ಹಿಂದೆ ಒಂದು ಬೀಳದ ಹಾಗೆ ಜೋಡಿಸಿರುತ್ತಾರೆ. ಇಲ್ಲದಿದ್ದರೆ ಕಲ್ಲೆಲ್ಲ ಪೆಟ್ಟಿಗೆಯ ಒಂದು ಮೂಲೆಗೆ ಸೇರಿಬಿಡುತ್ತದೆ. ಕಲ್ಲು ನೀರಿನ ಜೊತೆ ಹಿಟ್ಟಾಗಿ ಜಾಲರಿಯಿಂದ ಹೊರಗೆ ಬಂದು, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುತ್ತದೆ. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ತಪ್ಪಿಸಿಕೊಂಡ ಚಿನ್ನಕ್ಕೆ ಸೈನೈಡು. ಇವತ್ತು ಕೆಜಿಎಫ್‌ನಲ್ಲಿ ಕಾಣುವ ಬೂದು ದಿಬ್ಬಗಳು ಹೀಗೆ ಕುಟ್ಟಿ, ಅರೆದು ಉಳಿದ ಹಿಟ್ಟು.

ಮನೆಯ ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕುತ್ತೇವಲ್ಲ, ಈ ಒನಕೆಗೂ ತುದಿಗೆ ಒಂದು ಎರಕದ ತುಂಡು ಇರುತ್ತದೆ. ಹೆಸರು ಶೂ. ಒರಳಿನ ತಳದಲ್ಲಿ ಅದಕ್ಕೆ ಎದುರಾಗಿ ಡೈ. ಕೋಲಾರದ ಬೆಣಚುಕಲ್ಲು ಬಲು ಗಟ್ಟಿ. ಹಗಲೂ ರಾತ್ರಿ ಕುಟ್ಟಿದರೆ ಶೂ, ಡೈ ಎರಡೂ ಸವೆದು ಬಿಲ್ಲೆಯಾಗುತ್ತವೆ. ಬದಲಾಯಿಸುತ್ತಲೇ ಇರಬೇಕು. ಎರಕದ ಕಬ್ಬಿಣದಲ್ಲಿ ಮಾಡಿದರೆ ಅದರ ಮುಖವನ್ನು ಬೇಗ ಆರಿಸಬೇಕು. ಮರಳಿನ ಬದಲು ಅಲ್ಲಿ ಒಂದು ದಪ್ಪ ಕಬ್ಬಿಣದ ಅಚ್ಚು ಇಟ್ಟರೆ ಕರಗಿದ ಕಬ್ಬಿಣ ಅದಕ್ಕೆ ತಾಗಿದ ಕೂಡಲೇ ಗಟ್ಟಿಯಾಗಿ ಒಳಗೆ ಬೆಳ್ಳಗಾಗುತ್ತದೆ. ಅರ ಹಾಕಿದರೂ ಅರವೇ ಜಾರುತ್ತದೆ. ಜಾಸ್ತಿ ಬೆಳ್ಳಗಾದರೆ ಏಟಿಗೆ ಒಡೆಯುತ್ತದೆ, ಕಮ್ಮಿಯಾದರೆ ಬೇಗ ಸವೆಯುತ್ತದೆ. ಈ ಹದ ಯಾವ ಪುಸ್ತಕ ಓದಿದರೂ ಕೈಗೆ ಬರುವುದಿಲ್ಲ. ಒಂದು ಸಣ್ಣ ಕೋಲು ಹೊಯ್ದು, ಮುರಿದು, ಮುರಿದ ಜಾಗದ ಬಣ್ಣ ನೋಡಿ ಅಪ್ಪ ಹೇಳುತ್ತಿದ್ದರು.

ಇನ್ನೊಂದು ವಿಷಯ ತಾತನಿಗೆ ತುಂಬಾ ಇಷ್ಟ. ಅಷ್ಟು ಭಾರದ ಶೂವನ್ನು ಒನಕೆಯ ತಲೆಗೆ ಹೇಗೆ ಕೂರಿಸುತ್ತಾರೆ ಗೊತ್ತಾ? ಬೋಲ್ಟೂ ಇಲ್ಲ, ಬೆಸುಗೆಯೂ ಇಲ್ಲ. ಶೂವಿನ ಕೊರಳಿಗೆ ಸುತ್ತಲೂ ಮರದ ಸಣ್ಣ ಚಕ್ಕೆಗಳನ್ನು ಕಟ್ಟಿ, ಮೇಲಿನಿಂದ ಒನಕೆಯನ್ನು ಬಿಡುವುದು. ಎರಡು ಮೂರು ಏಟಿಗೆ ಚಕ್ಕೆ ಬಿಗಿದು ಶೂ ಕಚ್ಚಿಕೊಳ್ಳುತ್ತದೆ. ಸವೆದಮೇಲೆ ಬೆಣೆ ಹೊಡೆದು ಬಿಡಿಸುವುದು. ನೇಗಿಲಿಗೆ ಕುಳ ಬಿಗಿಯುವವರಿಗೆ ಇದು ಹೊಸದಲ್ಲ.

ಅಪ್ಪ 1950ರಲ್ಲಿ ಫೌಂಡ್ರಿ ಸೇರಿದರು. ತಾತನದು ಮರದ ವಾಸನೆ, ಅಪ್ಪನದು ಸುಟ್ಟ ಮರಳಿನ ವಾಸನೆ. ಅಂಗಿ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮರಳಿಗೆ ಜೇಡಿ, ಕಲ್ಲಿದ್ದಲ ಪುಡಿ, ನೀರು ಹಾಕಿ ತುಳಿದು ಹದ ಮಾಡುವುದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳ ಗುರುತು ನಿಲ್ಲಬೇಕು, ಮುರಿದರೆ ಚೂರು ಉದುರಬಾರದು. ಕೋರ್ ಮಾಡುವ ಮರಳಿಗೆ ಕಾಕಂಬಿ ಕಲಸುತ್ತಿದ್ದರು. ಒಲೆಯಲ್ಲಿ ಸುಟ್ಟಾಗ ಬೆಲ್ಲದ ಪಾಕದ ವಾಸನೆ ಬರುತ್ತಿತ್ತಂತೆ. ದೊಡ್ಡ ಭಾಗಗಳಿಗೆ ಪೂರ್ತಿ ಮರದ ಪ್ಯಾಟರ್ನ್ ಮಾಡುತ್ತಿರಲಿಲ್ಲ. ಇಟ್ಟಿಗೆ ಕಟ್ಟಿ, ಅದರ ಮೇಲೆ ಕುದುರೆ ಲದ್ದಿ ಕಲಸಿದ ಮಣ್ಣು ಮೆತ್ತಿ, ಮರದ ಹಲಗೆಯೊಂದನ್ನು ಸುತ್ತ ತಿರುಗಿಸಿ ಆಕಾರ ತರುತ್ತಿದ್ದರು. ಕುಂಬಾರರ ತಿಗರಿಯಲ್ಲಿ ಮಣ್ಣು ಸುತ್ತುತ್ತದೆ, ಇಲ್ಲಿ ಹಲಗೆ ಸುತ್ತುತ್ತದೆ, ಅಷ್ಟೇ.

ಕಬ್ಬಿಣ ಕರಗಿಸುವ ಕುಲುಮೆ, ಕ್ಯುಪೋಲಾ, ಹಚ್ಚುವ ದಿನ ಅಪ್ಪ ಬೆಳಗಿನ ಜಾವಕ್ಕೇ ಹೋಗುತ್ತಿದ್ದರು. ಕ್ಯುಪೋಲಾ ಅಂದರೆ ಎತ್ತರದ ಕಬ್ಬಿಣದ ಕೊಳವೆ, ಒಳಗೆ ಬೆಂಕಿ ಇಟ್ಟಿಗೆ. ಒಂದು ಪದರ ಕೋಕ್ (ಕಲ್ಲಿದ್ದಲು ಸುಟ್ಟು ಮಾಡಿದ ಇಂಧನ), ಒಂದು ಪದರ ಕಬ್ಬಿಣ, ನಡುನಡುವೆ ಸುಣ್ಣದ ಕಲ್ಲು. ಕೆಳಗಿನಿಂದ ಗಾಳಿ. ಸುಣ್ಣದ ಕಲ್ಲು ಕೊಳೆಯನ್ನೆಲ್ಲ ಎಳೆದುಕೊಂಡು ಕಿಟ್ಟವಾಗಿ ಮೇಲೆ ತೇಲುತ್ತದೆ. ಕೆಳಗಿನ ತೂತಿಗೆ ಹಾಕಿದ ಮಣ್ಣಿನ ಬಿರಡೆ ಚುಚ್ಚಿದರೆ ಕಬ್ಬಿಣ ಹರಿದು ಬರುತ್ತದೆ. ಕರಗಿದ ಕಬ್ಬಿಣದ ಪಾತ್ರೆ, ಲೇಡಲ್, ಹಿಡಿದ ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಅಪ್ಪನ ಎಡಗಾಲ ಮೇಲೆ ರಾಗಿ ಕಾಳಿನಷ್ಟು, ಕಡಲೆಯಷ್ಟು ಸುಟ್ಟ ಗುರುತುಗಳು ತುಂಬಾ ಇದ್ದವು. ಮರಳು ಸ್ವಲ್ಪ ಹಸಿಯಾಗಿದ್ದರೂ ಕಬ್ಬಿಣ ಸಿಡಿಯುತ್ತದೆ. ಭದ್ರಾವತಿಯ ಪಿಗ್ ಐರನ್, ಅಂದರೆ ಎರಕಕ್ಕೆ ಕರಗಿಸುವ ಕಚ್ಚಾ ಕಬ್ಬಿಣ, ಬಂದರೆ ಅಪ್ಪನಿಗೆ ಖುಷಿ. 1923ರಲ್ಲಿ ಶುರುವಾದ ಆ ಕುಲುಮೆಯಲ್ಲಿ ಕಲ್ಲಿದ್ದಲ ಕೋಕ್ ಬದಲು ಕಾಡಿನ ಇದ್ದಿಲು ಉರಿಸುತ್ತಿದ್ದರು. ಇದ್ದಿಲಿನಲ್ಲಿ ಗಂಧಕ ಕಮ್ಮಿ, ಹಾಗಾಗಿ ಕಬ್ಬಿಣ ಮೆತ್ತಗೆ, ಶುದ್ಧ. "ಇದು ಹೇಳಿದ ಮಾತು ಕೇಳೋ ಕಬ್ಬಿಣ" ಅನ್ನುತ್ತಿದ್ದರು.

ಗಣಿಗೆ ಕರೆಂಟು ಬಂದ ಕಥೆ ಎಲ್ಲರಿಗೂ ಗೊತ್ತು. 1902ರ ಜೂನ್ 30ಕ್ಕೆ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಶುರುವಾಗಿ, ಜೋಲಿ ಡಿ ಲೋಟ್‌ಬಿನಿಯರ್ ಅನ್ನುವ ಇಂಜಿನಿಯರ್ ನಡೆಸಿದ ಕೆಲಸ. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವೈಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾದ ಮೂರು ವರ್ಷಕ್ಕೆ, 1905ರಲ್ಲಿ. ಇಷ್ಟನ್ನು ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ, ಬರೆಯಲಿ. ಆದರೆ ಉಗಿ ಯಂತ್ರದಿಂದ ಓಡುತ್ತಿದ್ದ ಮಿಲ್ಲಿಗೆ ಮೋಟರು ಕೂರಿಸಬೇಕಾದರೆ ಹೊಸ ಪುಲ್ಲಿ, ಹೊಸ ಬ್ರಾಕೆಟ್, ಹೊಸ ಬೇರಿಂಗ್ ಪೆಟ್ಟಿಗೆ ಬೇಕಾಗುತ್ತದೆ. ಅಂಥ ಕೆಲಸ ತಂತಿಯಲ್ಲಿ ಬರುವುದಿಲ್ಲ. ಅದಕ್ಕೆ ಮರ ಕೆತ್ತುವವರು, ಮರಳು ತುಳಿಯುವವರು ಬೇಕು.

ನಮ್ಮ ನಾಡಿನ ಬೇರೆ ಕಡೆಯೂ ಹೀಗೇ ನಡೆದಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ 1874ರಲ್ಲಿ ಮಿಷನ್ನಿನದೇ ಯಂತ್ರಗಳ ವರ್ಕ್‌ಶಾಪು ಬಂತು. ಹೆಂಚು ನೆನಪಿದೆ, ಹೆಂಚು ಒತ್ತುವ ಯಂತ್ರ ಮಾಡಿದವರು ನೆನಪಿಲ್ಲ. ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿಯಿಂದ ಶುರು ಮಾಡಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಮೊದಲು ಮುಟ್ಟಲಿಲ್ಲ. ಅಲ್ಲಿ ಜಾಗ ಬಿಡಬೇಕಾಗಿ ಬಂದು 1910ರಲ್ಲಿ ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನಕ್ಕೆ ಹೋದರು. ಅವರು ಹೋದರೂ ಬೆಳಗಾವಿ ಇವತ್ತು ದೊಡ್ಡ ಫೌಂಡ್ರಿ ಊರು. ಆ ಊರಿನವರಿಗೆ ತಮ್ಮ ಕಸುಬಿನ ಹೆಮ್ಮೆ ಇದೆ. ನಮ್ಮ ಕೋಲಾರ ಜಿಲ್ಲೆಗೆ ಯಾಕೆ ಇಲ್ಲ?

ಗಣಿ ಫೌಂಡ್ರಿಯ ಕೆಲಸ ಗಣಿಯೊಳಗೇ ಉಳಿಯಲೂ ಇಲ್ಲ. ಅಪ್ಪನ ಜೊತೆಗಾರರೊಬ್ಬರು ನಿವೃತ್ತರಾದ ಮೇಲೆ ಊರಿನಲ್ಲಿ ಶೀಟಿನ ಶೆಡ್ಡು ಹಾಕಿ ಸಣ್ಣ ಕ್ಯುಪೋಲಾ ಕಟ್ಟಿದರು. ಕಬ್ಬಿನ ಗಾಣದ ಹಲ್ಲುಚಕ್ರ, ಗಾಣದ ಉರುಳೆ, ಬಾವಿ ರಾಟೆ, ಕೊಳವೆಬಾವಿ ಪಂಪಿನ ಮೈ, ಹೋಟೆಲಿನ ದೋಸೆ ಕಾವಲಿ, ಎಲ್ಲ ಹೊಯ್ದರು. ಸುತ್ತ ಹತ್ತು ಹಳ್ಳಿಯ ಆಲೆಮನೆಗಳು ಅವರನ್ನೇ ನಂಬಿದ್ದವು. ಗಣಿಯಲ್ಲಿ ಕಲಿತ ಕೈ ಬೆಲ್ಲಕ್ಕೂ ಬಂತು, ನೀರಿಗೂ ಬಂತು. ಶನಿವಾರ ಹೋಗಿ ಅವರ ಶೆಡ್ಡಿನಲ್ಲಿ ಕೂತಿರುತ್ತಿದ್ದೆ. ನನ್ನ ಮೊದಲ ಪ್ಯಾಟರ್ನ್ ಮಾಡಿದ್ದು ಅಲ್ಲೇ, ರಾಟೆಯದು.

ಈಗ ದುಃಖದ ವಿಷಯ. ಆ ಮೂರು ತುಂಡು ಹಿಡಿದುಕೊಂಡು ನಾನು ಸಂಬಂಧಪಟ್ಟ ಒಂದು ಕಚೇರಿಗೆ ಹೋಗಿದ್ದೆ. ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ ಮಾತಾಡಿಸಿದರು. ಆಮೇಲೆ ಪಟ್ಟಿ ತೆಗೆದು ನೋಡಿದರು. ಯಂತ್ರಗಳಿಗೆ ನಂಬರಿತ್ತು. ಕಬ್ಬಿಣಕ್ಕೆ ತೂಕ ಇತ್ತು. ಪ್ಯಾಟರ್ನ್ ಅನ್ನುವ ಮಾತೇ ಇರಲಿಲ್ಲ. ಅವೆಲ್ಲ "ಮರದ ಸ್ಕ್ರ್ಯಾಪ್" ಅನ್ನುವ ಒಂದು ಸಾಲಿನಲ್ಲಿ ಸೇರಿಹೋಗಿದ್ದವು. ಎಷ್ಟಿದ್ದವು, ಯಾವ ಯಂತ್ರದವು, ಯಾವುದೂ ಬರೆದಿರಲಿಲ್ಲ. "ನೀವು ಹೇಳಿದ ಮೇಲೇ ನಮಗೆ ಗೊತ್ತಾಗಿದ್ದು" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಗೊತ್ತಿದ್ದವರನ್ನು ಯಾರೂ ಕೇಳಲಿಲ್ಲ, ಅಷ್ಟೇ. ನಾನು ಅದಾದ ಮೇಲೆ ಸುಮ್ನೆ ಕೂರಲಿಲ್ಲ. ಎರಡು ಸಲ ಮತ್ತೆ ಹೋದೆ. ಅರ್ಜಿ ಮೇಲಕ್ಕೆ ಹೋಗಿದೆ ಅನ್ನುತ್ತಾರೆ.

ನಿಮ್ಮ ಪತ್ರಿಕೆಯ ಮೂಲಕ ನಾನು ಕೇಳುವುದು ದೊಡ್ಡದೇನಲ್ಲ. ಕೋಟಿಗಟ್ಟಲೆ ಹಣದ ಮ್ಯೂಸಿಯಂ ಆಮೇಲೆ ಬರಲಿ. ಗಣಿ ಪ್ರದೇಶದಿಂದ ಯಾವುದೇ ಹಳೇ ಸಾಮಾನು ಹರಾಜಿಗೆ ಹೋಗುವ ಮೊದಲು ಎರಕದ ಕೆಲಸ ಗೊತ್ತಿರುವ ಒಬ್ಬರನ್ನು ಕರೆದು ತೋರಿಸಿ. ಒಂದು ದಿನ ಸಾಕು. ಯಾವುದು ಬರೀ ಮರ, ಯಾವುದು ಪ್ಯಾಟರ್ನ್, ಯಾವುದು ಕೋರ್ ಪೆಟ್ಟಿಗೆ ಅಂತ ಅವರು ಬೇರೆ ಮಾಡಿಕೊಡುತ್ತಾರೆ. ಕಬ್ಬಿಣದಲ್ಲೂ ಹಾಗೇ. ಎರಕದ ಮೈ ಮೇಲೆ ಉಬ್ಬಿದ ಅಕ್ಷರ ಇರುತ್ತದೆ, ಎಲ್ಲಿ ಹೊಯ್ದದ್ದು, ಯಾವ ವರ್ಷ ಅಂತ. ಅದರ ಫೋಟೋ ತೆಗೆಯದೆ ಗ್ಯಾಸ್ ಕಟರ್ ಇಡಬೇಡಿ.

ಸ್ಟ್ಯಾಂಪ್ ಮಿಲ್ಲಿನ ಶೂ, ಡೈ, ಕ್ಯಾಮ್ ಇವು ಗುಜರಿ ಅಂಗಡಿಗಳಲ್ಲಿ, ಮನೆ ಮೆಟ್ಟಿಲ ಕೆಳಗೆ, ದನ ಕಟ್ಟುವ ಗೂಟದ ಬುಡದಲ್ಲಿ ಇನ್ನೂ ಇವೆ. ನನ್ನ ಕಣ್ಣಾರೆ ನೋಡಿದ್ದೇನೆ. ಐದು ಒನಕೆಯ ಒಂದು ಸೆಟ್ಟನ್ನಾದರೂ ಜೋಡಿಸಿ, ಸಣ್ಣ ಮೋಟರು ಹಾಕಿ ನಿಧಾನಕ್ಕೆ ಓಡಿಸಿ ತೋರಿಸಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಒನಕೆ ನೋಡಿ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಆ ಸದ್ದು ಎದೆಗೆ ತಾಗಬೇಕು. ಕೆಜಿಎಫ್‌ನ ಹಳಬರು ಹೇಳುತ್ತಾರೆ, ಮಿಲ್ಲು ಓಡುತ್ತಿದ್ದಾಗ ಸದ್ದಿಗೆ ಎಚ್ಚರವಾಗುತ್ತಿರಲಿಲ್ಲ, ನಿಂತರೆ ಎಚ್ಚರವಾಗುತ್ತಿತ್ತು ಅಂತ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತೂ ಚಿನ್ನದ ಗಣಿ ನಡೆಯುತ್ತಿದೆ. ಅಲ್ಲಿನ ವರ್ಕ್‌ಶಾಪಿನವರ ಸಹಾಯ ಕೇಳಬಹುದು ಅಲ್ವಾ?

ಎಲ್ಲಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಗಣಿ ಫೌಂಡ್ರಿಯಲ್ಲಿ ಕೈಯಾರೆ ಎರಕ ಹೊಯ್ದವರು ಈಗ ನನಗೆ ಗೊತ್ತಿರುವ ಹಾಗೆ ಈ ಸುತ್ತಿನಲ್ಲಿ ನಾಲ್ಕು ಜನ. ಎಲ್ಲರೂ ಎಂಬತ್ತರ ಹತ್ತಿರ. ಒಬ್ಬರಿಗೆ ಕಿವಿ ಕೇಳುವುದಿಲ್ಲ, ಆದರೆ ಕೈಗೆ ಮರಳು ಕೊಟ್ಟರೆ ಹದ ಹೇಳುತ್ತಾರೆ. ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಅವರ ಕಸುಬಿನ ಮಾತೇ ಬೇರೆ. ಇಂಗ್ಲಿಷ್ ಪದ, ತಮಿಳು ಕ್ರಿಯಾಪದ, ತೆಲುಗು ಬೈಗುಳ, ನಡುವೆ ನಮ್ಮ ಕನ್ನಡ. ಅದು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಕೋಲಾರ ಜಿಲ್ಲೆಯ ಐಟಿಐ ಮಕ್ಕಳನ್ನು ಎರಡು ದಿನ ಇವರ ಹತ್ತಿರ ಕಳಿಸಿದರೆ ಸಾಕು, ಮೊಬೈಲು ಅವರ ಕೈಯಲ್ಲೇ ಇದೆ.

ಓದುಗರಲ್ಲೂ ಒಂದು ಕೋರಿಕೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಊರಿಗಾಂ, ಮಾರಿಕುಪ್ಪಂ, ಬೇತಮಂಗಲದ ಕಡೆ ನಿಮ್ಮ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಬಣ್ಣ ಹಚ್ಚಿದ, ವಿಚಿತ್ರ ಆಕಾರದ ತೇಗದ ತುಂಡು ಇದ್ದರೆ ಒಲೆಗೆ ಹಾಕಬೇಡಿ. ಹಿತ್ತಾಳೆ ನಂಬರು ಇದ್ದರೆ ಅದನ್ನು ಕೀಳಬೇಡಿ. ಎರಡು ಅರ್ಧ ಇದ್ದರೆ ಎರಡನ್ನೂ ಒಟ್ಟಿಗೆ ಕಟ್ಟಿಡಿ, ಒಂದು ಕಳೆದರೆ ಇನ್ನೊಂದರಿಂದ ಪ್ರಯೋಜನ ಇಲ್ಲ. ಗೆದ್ದಲು ಹತ್ತದ ಜಾಗದಲ್ಲಿ ಇಡಿ.

ನಾನು ತಂದ ಮೂರು ತುಂಡು ನನ್ನ ಮನೆಯಲ್ಲಿವೆ. ಹಲ್ಲುಚಕ್ರದ್ದು ಒಂದು, ಕೋರ್ ಪೆಟ್ಟಿಗೆಯ ಅರ್ಧ ಒಂದು, ಯಾವುದೋ ದೊಡ್ಡ ರಾಟೆಯ ಅಂಚಿನ ಕಾಲು ಭಾಗ ಒಂದು. ಹಲ್ಲುಚಕ್ರದ ಹಿಂಭಾಗ ಸುಟ್ಟು ಕರಿಯಾಗಿದೆ. ಕೆರೆದು, ಮೇಣ ತುಂಬಿ, ಸುಟ್ಟುಹೋದ ಎರಡು ಹಲ್ಲನ್ನು ಹೊಸ ತೇಗದಲ್ಲಿ ಮಾಡಿ ಕೂರಿಸಿದ್ದೇನೆ. ಅಳತೆ ತೆಗೆದದ್ದು ತಾತನ ಸ್ಕೇಲಿನಲ್ಲೇ. ಬೆಳಗಾವಿಯಲ್ಲೋ ಶಿವಮೊಗ್ಗದಲ್ಲೋ ಯಾರಾದರೂ ಫೌಂಡ್ರಿಯವರು ಮುಂದೆ ಬಂದರೆ ಅದರಿಂದ ಒಂದು ಎರಕ ಹೊಯ್ಸಬೇಕು ಅಂತ ಆಸೆ ಇದೆ. ಆ ಎರಕವನ್ನೂ, ಈ ಮೂರು ತುಂಡನ್ನೂ, ತಾತನ ಸ್ಕೇಲನ್ನೂ ಜೋಪಾನ ಮಾಡುವವರು ಬಂದರೆ ಕೊಡುತ್ತೇನೆ. ರಸೀದಿ ಬೇಡ. ಪಟ್ಟಿಯಲ್ಲಿ "ಮರದ ಸ್ಕ್ರ್ಯಾಪ್" ಅಂತ ಮಾತ್ರ ಬರೆಯಬಾರದು.

ಇಂತಿ,
ಒಬ್ಬ ನಿವೃತ್ತ ಪ್ಯಾಟರ್ನ್ ಮೇಕರ್
ಬಂಗಾರಪೇಟೆ